ಬಲದವಡೆ ಹಲ್ಲಿನ ಇತಿಹಾಸ

ಲೋಕದಲ್ಲಿ ಮಾತಾಡುವ ಆಸೆ ಇಲ್ಲದವರು ಯಾರೂ ಇಲ್ಲ. ಕೇಳುವವರು ಸಿಗುವುದಿಲ್ಲ, ತೊಂದರೆ ಇರುವುದು ಅಲ್ಲಿ. ಅದಕ್ಕಾಗಿ ಕೆಲವರು ಚುನಾವಣೆಗೆ ನಿಲ್ಲುತ್ತಾರೆ, ಕೆಲವರು ಮೇಷ್ಟರಾಗುತ್ತಾರೆ, ಏನೂ ಗತಿಯಿಲ್ಲದವರು ಬಸ್ಸಿನಲ್ಲಿ ಪಕ್ಕದವರ ತೋಳು ಹಿಡಿದುಕೊಳ್ಳುತ್ತಾರೆ. ನಮ್ಮ ಕಥಾನಾಯಕರು ಹಲ್ಲಿನ ಡಾಕ್ಟರಾದರು. ಈ ಕಸುಬಿನಲ್ಲಿ ಎದುರಿಗಿರುವವರ ಬಾಯಿ ದಿನವಿಡೀ ತೆರೆದೇ ಇರುತ್ತದೆ; ಆದರೆ ಅದರೊಳಗೆ ಹತ್ತಿ, ಕನ್ನಡಿ, ಜೊಲ್ಲು ಹೀರುವ ಕೊಳವೆ ಎಲ್ಲ ತುಂಬಿಕೊಂಡಿರುವುದರಿಂದ ಹೊರಗೆ ಬರುವುದು "ಆ" ಎಂಬುದೊಂದೇ. ಅದನ್ನು ನಮ್ಮ ಡಾಕ್ಟರು "ಆಮೇಲೇನಾಯ್ತು, ಹೇಳಿ" ಎಂದು ತಿಳಿದುಕೊಂಡು ಮುಂದುವರಿಯುತ್ತಿದ್ದರು.

ಪಾಪ, ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಕ್ಲಿನಿಕ್ಕು ಕಟ್ಟಡದ ಕೆಳಗೆ, ಮನೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಮನೆಯಲ್ಲಿ ಹೆಂಡತಿಯ ಜೊತೆಗೆ ಹೆಂಡತಿಯ ತಾಯಿಯೂ ಇದ್ದರು. ಆಕೆ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಆಕೆ ಶಾಲೆ ಬಿಟ್ಟರೂ ಶಾಲೆ ಆಕೆಯನ್ನು ಬಿಟ್ಟಿರಲಿಲ್ಲ. ಯಾರು ಮಾತು ತೆಗೆದರೂ ವಾಕ್ಯದ ಮೊದಲ ಎರಡು ಪದ ಮಾತ್ರ ಅವರದು, ಉಳಿದದ್ದು ಆಕೆಯದು.

"ಇವತ್ತು ಒಬ್ಬರು ಪೇಷಂಟು..." ಎಂದು ಊಟಕ್ಕೆ ಕೂತ ಡಾಕ್ಟರು ಶುರುಮಾಡಿದರೆ, "ಕಿರುಚಿಕೊಂಡು ಓಡಿಹೋದ್ರು. ಗೊತ್ತು. ಊಟ ಮಾಡಿ," ಎನ್ನುತ್ತಿದ್ದರು ಅತ್ತೆ.

"ಅಲ್ಲ ಅತ್ತೆ, ನಾನು ಹೇಳ್ತಿದ್ದದ್ದು..."

"ಎಲ್ಲ ತಣ್ಣಗಾಗ್ತಿದೆ ಅಂತ ತಾನೇ? ಅದಕ್ಕೇ ಊಟ ಮಾಡಿ ಅಂದದ್ದು."

ಮದುವೆಯಾದಂದಿನಿಂದ ಈ ಮನುಷ್ಯ ಸ್ವಂತ ಮನೆಯಲ್ಲಿ ಒಂದು ವಾಕ್ಯವನ್ನು ಪೂರ್ಣವಿರಾಮದವರೆಗೆ ತಲುಪಿಸಿದ್ದಿಲ್ಲ. ಅತ್ತೆ ಒಂದೇ ಒಂದು ಸಲ ತನ್ನ ಮಾತಿಗೆ ಕಿವಿಗೊಡಬೇಕು, ನಾಲ್ಕು ಜನರ ಎದುರು 'ನಮ್ಮ ಅಳಿಯಂದಿರು ಹೀಗೆ ಹೇಳಿದರು' ಎನ್ನಬೇಕು ಎಂಬುದು ಅವರ ಬಹುದಿನದ ಆಸೆ. ಹೊರಗೆ ಹೇಳಿಕೊಳ್ಳುವಂಥ ಆಸೆಯಲ್ಲ, ನಿಜ. ಆದರೆ ಅದನ್ನು ಅವರು ಬಿಟ್ಟೂ ಇರಲಿಲ್ಲ.

ಮನೆಯಲ್ಲಿ ನುಂಗಿಕೊಂಡ ಮಾತೆಲ್ಲ ಕ್ಲಿನಿಕ್ಕಿನಲ್ಲಿ ಹರಿಯುತ್ತಿತ್ತು. ಡಾಕ್ಟರಿಗೆ ಜಗತ್ತಿನ ಇತಿಹಾಸದ ಹುಚ್ಚು. ಅದರಲ್ಲೂ ಪಠ್ಯಪುಸ್ತಕದಲ್ಲಿ ಸಿಗದ, ಕೇಳಿದರೂ ನಂಬಲಾಗದ ಪ್ರಸಂಗಗಳೆಂದರೆ ಪ್ರಾಣ. ಊರಿನ ಜನ ಕಾರಣವಿಲ್ಲದೆ ಬೀದಿಗಿಳಿದು ಕುಣಿಯತೊಡಗಿ ನಿಲ್ಲಿಸಲಾಗದೆ ಒದ್ದಾಡಿದ್ದು, ಹಂದಿಯನ್ನು ಕೋರ್ಟಿಗೆಳೆದು ವಿಚಾರಣೆ ನಡೆಸಿದ್ದು, ಬೆಲ್ಲದ ಪಾಕದಂಥ ಕಾಕಂಬಿಯ ತೊಟ್ಟಿ ಒಡೆದು ಬೀದಿಗೆ ಬೀದಿಯೇ ಅಂಟಿನಲ್ಲಿ ಮುಳುಗಿದ್ದು, ಇಂಥವು. ಇಂಜೆಕ್ಷನ್ ಕೊಟ್ಟು ದವಡೆ ಮರಗಟ್ಟುವಷ್ಟರಲ್ಲಿ ಕಥೆ ಶುರು. ರೂಟ್ ಕೆನಾಲ್ ಎರಡು ಸಿಟಿಂಗಿನ ಕೆಲಸವಾದ್ದರಿಂದ ಕಥೆಯೂ ಎರಡು ಸಿಟಿಂಗು. ಮೊದಲ ದಿನ ಅರ್ಧ ಹೇಳಿ, ಹಲ್ಲಿಗೆ ತಾತ್ಕಾಲಿಕ ಸಿಮೆಂಟು ಮೆತ್ತಿ, ಕಥೆಯನ್ನೂ ಅಲ್ಲಿಗೇ ಮುಚ್ಚಿಬಿಡುತ್ತಿದ್ದರು. ನೋವು ಹೋಯಿತೆಂದು ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವ ಸೋಮಾರಿಗಳು ಕೂಡ ಕಥೆಯ ಕೊನೆ ಕೇಳಲು ತಪ್ಪದೆ ಬರುತ್ತಿದ್ದರು. ವೈದ್ಯಶಾಸ್ತ್ರಕ್ಕೆ ಇದು ನಮ್ಮ ಡಾಕ್ಟರ ಕೊಡುಗೆ.

ಇಷ್ಟೆಲ್ಲ ಇದ್ದ ಮನುಷ್ಯನಿಗೆ ಒಂದು ದೋಷವೂ ಇತ್ತು. ಅವರಿಗೆ ಜನರ ಹಲ್ಲು ನೆನಪಿರುತ್ತಿತ್ತು, ಮುಖ ನೆನಪಿರುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಕಕ್ಕಾಬಿಕ್ಕಿಯಾಗುತ್ತಿದ್ದರು. ಎದುರಿನವರು ಹಲ್ಲುಬಿಟ್ಟು ನಕ್ಕಮೇಲೆ, "ಓ, ಮೇಲಿನ ಕೋರೆಹಲ್ಲು ಅಲ್ವಾ ನೀವು, ಹೇಗಿದೀರಿ," ಎಂದು ಕೈಕುಲುಕುತ್ತಿದ್ದರು.

ಹೀಗಿರುವಾಗ ಒಂದೇ ವಾರದಲ್ಲಿ ಇಬ್ಬರಿಗೆ ಒಂದೇ ಹಲ್ಲು ನೋಯತೊಡಗಿತು. ಕೆಳಗಿನ ಸಾಲು, ಬಲಗಡೆ, ದವಡೆ ಹಲ್ಲು. ಒಬ್ಬರು ಸಾಕ್ಷಾತ್ ಅತ್ತೆ. ಇನ್ನೊಬ್ಬರು ಕಟ್ಟಡದ ಮಾಲೀಕರು. ಇವರು ನಡುವಿನ ಮಹಡಿಯಲ್ಲಿ ವಾಸ. ಮೂಗಿನ ಕೆಳಗೆ ಪೊದೆಯಂಥ ಮೀಸೆ ಇದ್ದುದರಿಂದ ಇಡೀ ಬೀದಿಗೆ ಮೀಸೆ ಯಜಮಾನರು. ಮೂಗಿನ ತುದಿಯಲ್ಲೇ ಕೋಪ. ಕ್ಲಿನಿಕ್ಕಿನ ಬಾಡಿಗೆ ಕರಾರು ಆ ತಿಂಗಳ ಕೊನೆಗೆ ಮುಗಿಯುವುದಿತ್ತು, ಮತ್ತೆ ಸಹಿ ಹಾಕಬೇಕಾದವರು ಅವರೇ.

ಕ್ಲಿನಿಕ್ಕಿನಲ್ಲಿ ಎರಡು ಕುರ್ಚಿ: ಕಿಟಕಿ ರೂಮಿನಲ್ಲೊಂದು, ಒಳರೂಮಿನಲ್ಲೊಂದು. ಒಂದು ಕಡೆ ಇಂಜೆಕ್ಷನ್ ಏರುವಾಗ ಡಾಕ್ಟರು ಇನ್ನೊಂದು ಕಡೆ ಕೆಲಸ ಮಾಡುತ್ತಿದ್ದರು. ಅವರು ಒಳಗೆ ಕಾಲಿಡುವ ಮೊದಲೇ ನರ್ಸ್ ಸಿಸ್ಟರಮ್ಮ ಎಲ್ಲ ಸಿದ್ಧ ಮಾಡಿರುತ್ತಿದ್ದರು. ಕತ್ತಿನಿಂದ ಪಾದದವರೆಗೆ ಹಸಿರು ಹೊದಿಕೆ, ದೀಪ ಕುಕ್ಕದಂತೆ ತಲೆ ಸಮೇತ ಕಣ್ಣು ಮುಚ್ಚುವ ಟವೆಲ್ಲು, ಮೂಗಿನ ಕೆಳಗಿಂದ ಗದ್ದದವರೆಗೆ ಬಿಗಿಯಾಗಿ ಎಳೆದ ರಬ್ಬರ್ ಹಾಳೆ, ಆ ಹಾಳೆಯ ತೂತಿನಲ್ಲಿ ಇಣುಕುವ ಒಂದೇ ಒಂದು ಹಲ್ಲು. ಹಾಳೆಯ ಹಿಂದೆ ರಾಜನಿದ್ದರೂ ಅಷ್ಟೇ, ರಾಣಿಯಿದ್ದರೂ ಅಷ್ಟೇ.

ಮೊದಲ ದಿನ ಮೀಸೆ ಯಜಮಾನರು ಕಿಟಕಿ ರೂಮಿನಲ್ಲಿ ಮಲಗಿದರು. ಅವರಿಗೆ ಬಕೆಟ್ಟಿನ ಕಥೆಯ ಮೊದಲರ್ಧ: ನೂರಾರು ವರ್ಷಗಳ ಹಿಂದೆ ಇಟಲಿಯಲ್ಲಿ ಅಕ್ಕಪಕ್ಕದ ಎರಡು ಊರುಗಳಿಗೆ ಹಾವು ಮುಂಗುಸಿಯ ದ್ವೇಷವಿತ್ತಂತೆ, ಈ ಊರಿನ ಸೈನಿಕರು ಆ ಊರಿಗೆ ನುಗ್ಗಿ ಬಾವಿಯ ಮರದ ಬಕೆಟ್ಟನ್ನು ಎತ್ತಿಕೊಂಡು ಬಂದರಂತೆ, ಕೊಡಿ ಎಂದರೆ ಕೊಡಲಿಲ್ಲವಂತೆ, ಕತ್ತಿ ಹಿಡಿದು ಸಾವಿರಾರು ಜನ ಎದುರುಬದುರು ನಿಂತರಂತೆ. ಸಿಮೆಂಟು.

ಒಳರೂಮಿನಲ್ಲಿ ಅತ್ತೆ. ಅವರಿಗೆ ಎಮು ಹಕ್ಕಿಗಳ ಕಥೆಯ ಮೊದಲರ್ಧ: ಆಸ್ಟ್ರೇಲಿಯದಲ್ಲಿ ಆಳೆತ್ತರದ ಎಮು ಹಕ್ಕಿಗಳು ಹಿಂಡುಹಿಂಡಾಗಿ ಬಂದು ಗೋಧಿ ಹೊಲಕ್ಕೆ ನುಗ್ಗಿದವು, ರೈತರು ಸರ್ಕಾರದ ಬಾಗಿಲು ತಟ್ಟಿದರು, ಸರ್ಕಾರ ಮೆಷಿನ್ ಗನ್ನು ಕೊಟ್ಟು ಸೈನಿಕರನ್ನೇ ಕಳಿಸಿತು. ಅತ್ತೆ ನಡುವೆ ಬಾಯಿ ಹಾಕಲಿಲ್ಲ, ಹಾಕುವಂತೆಯೂ ಇರಲಿಲ್ಲ. ಡಾಕ್ಟರಿಗೆ ಎಂಥ ಸುಖವಾಯಿತೆಂದರೆ ಸಿಮೆಂಟು ಹಾಕಲು ಮನಸ್ಸೇ ಬರಲಿಲ್ಲ.

ಎರಡನೇ ಸಿಟಿಂಗಿನ ದಿನ ಅತ್ತೆ ಬಂದವರೇ, "ಒಳಗೆ ಉಸಿರು ಕಟ್ಟತ್ತೆ. ನಾನು ಕಿಟಕಿ ಹತ್ರ," ಎಂದು ಹೋಗಿ ಮಲಗಿಬಿಟ್ಟರು. ಹೆಡ್‌ಮಿಸ್ಟ್ರೆಸ್ಸಿಗೆ ಎದುರಾಡುವಷ್ಟು ಸಂಬಳ ಸಿಸ್ಟರಮ್ಮನಿಗೆ ಇರಲಿಲ್ಲ. ಯಜಮಾನರನ್ನು ಒಳರೂಮಿಗೆ ಕಳಿಸಿ, ಇಬ್ಬರಿಗೂ ಟವೆಲ್ಲು ಹೊದಿಸಿ, ಹಾಳೆ ಎಳೆದರು. ಡಾಕ್ಟರು ಬಂದರು. ಕಿಟಕಿ ರೂಮಿನಲ್ಲಿ ಬಲದವಡೆ ಹಲ್ಲು ಕಂಡಿತು, ಯಜಮಾನರೆಂದುಕೊಂಡು ಬಕೆಟ್ಟಿನ ಕಥೆ ಮುಗಿಸಿದರು: ಸಣ್ಣ ಸೈನ್ಯವೇ ಗೆದ್ದಿತು, ಸೋತವರಿಗೆ ಬಕೆಟ್ಟು ವಾಪಸ್ ಸಿಗಲಿಲ್ಲ, ಅದನ್ನು ಗೋಪುರದಲ್ಲಿ ನೇತುಹಾಕಿದರು, ಇವತ್ತಿಗೂ ಆ ಊರಿನವರು ಜೋಪಾನ ಮಾಡಿಟ್ಟಿದ್ದಾರೆ. ಒಳರೂಮಿನಲ್ಲೂ ಬಲದವಡೆ ಹಲ್ಲು, ಎಮುವಿನ ಕಥೆ ಮುಗಿಸಿದರು: ಹಕ್ಕಿಗಳು ಚದುರಿ ಓಡಿದವು, ಗನ್ನನ್ನು ಲಾರಿಗೆ ಕಟ್ಟಿ ಅಟ್ಟಿದರೂ ಸಿಗಲಿಲ್ಲ, ಸೈನ್ಯ ಸುಮ್ಮನೆ ವಾಪಸಾಯಿತು, ಗೆದ್ದದ್ದು ಹಕ್ಕಿಗಳೇ.

ಬಾಯಿ ತೆರೆದೇ ಇದ್ದ ಇಬ್ಬರೂ "ಆ" ಎಂದರು. ಡಾಕ್ಟರು ತೃಪ್ತಿಯಿಂದ ಕೈತೊಳೆದರು.

ಮುಂದಿನ ಭಾನುವಾರ ಕಟ್ಟಡದ ತಾರಸಿಯಲ್ಲಿ ಬಾಡಿಗೆದಾರರ ಸಭೆ ಸೇರಿತು. ವಿಷಯ ಪಾರಿವಾಳ. ಅಲ್ಲಿ ಅವುಗಳ ಕಾಟ ಹೆಚ್ಚಾಗಿ, ಒಗೆದು ಹಾಕಿದ ಬಟ್ಟೆಯನ್ನು ಮತ್ತೆ ಒಗೆಯಬೇಕಾಗುತ್ತಿತ್ತು. ಬಲೆ ಹಾಕಿಸಿ ಎಂದರು ಯಜಮಾನರ ಎದುರುಮನೆಯ ನಿವೃತ್ತ ಹವಾಲ್ದಾರರು.

"ಬಲೆನೂ ಬೇಡ, ಏನೂ ಬೇಡ," ಎಂದರು ಮೀಸೆ ಯಜಮಾನರು. "ಹಕ್ಕಿಗಳನ್ನ ಎದುರು ಹಾಕ್ಕೊಂಡು ಉದ್ಧಾರ ಆದೋರು ಇತಿಹಾಸದಲ್ಲೇ ಇಲ್ಲ. ಇಟಲೀಲಿ ಒಂದು ಮರದ ಬಕೆಟ್ಟಿಗೋಸ್ಕರ ಎರಡೂರಿನೋರು ಕತ್ತಿ ಹಿಡಿದು ಹೊಡೆದಾಡಿದ್ರು. ಕೊನೆಗೆ ಗೆದ್ದೋರು ಯಾರು ಹೇಳಿ? ಹಕ್ಕಿಗಳು."

"ಅಲ್ಲಿಗೆ ಹಕ್ಕಿ ಯಾಕೆ ಬಂತು?" ಎಂದು ಹವಾಲ್ದಾರರು ಕೇಳಿದರು.

"ಬಕೆಟ್ಟೇ ಅವುಗಳದ್ದು ಸ್ವಾಮಿ. ನೀರು ಕುಡಿಯೋ ಬಕೆಟ್ಟು. ಇವರು ಮುಟ್ಟಬಾರದಿತ್ತು. ಗನ್ನು ಕಟ್ಟಿದ ಲಾರೀಲಿ ಅಟ್ಟಿಸ್ಕೊಂಡು ಹೋದ್ರೂ ಒಂದೂ ಸಿಗಲಿಲ್ಲ."

"ಕತ್ತಿ ಹಿಡಿದೋರ ಹತ್ರ ಲಾರಿ ಎಲ್ಲಿತ್ತು?"

ಯಜಮಾನರು ಒಂದು ಕ್ಷಣ ಯೋಚಿಸಿದರು. "ಯುದ್ಧ ಬಹಳ ವರ್ಷ ನಡೀತು. ಶುರುವಾದಾಗ ಕತ್ತಿ ಇತ್ತು. ಮುಗಿಯೋ ಹೊತ್ತಿಗೆ ಲಾರಿ ಬಂದಿತ್ತು."

ಈ ಬೆಸುಗೆ ಯಜಮಾನರ ಸ್ವಂತದ್ದು. ಅರ್ಧ ಇತಿಹಾಸ ಸಿಕ್ಕರೆ ಉಳಿದರ್ಧವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಮನುಷ್ಯನಿಗೆ ಹುಟ್ಟಿನಿಂದಲೇ ಬಂದಿದೆ. ಎಷ್ಟೋ ಗ್ರಂಥಗಳು ಹೀಗೇ ಹುಟ್ಟಿಕೊಂಡಿವೆ.

"ಶುದ್ಧ ತಪ್ಪು," ಎಂದು ಅತ್ತೆ ಎದ್ದು ನಿಂತರು. ಸಭೆಗೆ ಸಭೆಯೇ ಅಭ್ಯಾಸಬಲದಿಂದ ನೆಟ್ಟಗೆ ಕೂತಿತು. "ನಡೆದದ್ದು ಆಸ್ಟ್ರೇಲಿಯದಲ್ಲಿ. ಹಕ್ಕಿಗಳ ಮೇಲೆ ಗನ್ನು ತಗೊಂಡು ಹೋದ್ರು, ನಿಜ. ಆದ್ರೆ ಗೆದ್ದದ್ದು ಬಕೆಟ್ಟಿಂದ. ಗನ್ನು ಕೈ ಕೊಟ್ಟಾಗ ಬಕೆಟ್ಟಲ್ಲಿ ನೀರಿಟ್ಟು, ಹಕ್ಕಿಗಳನ್ನೆಲ್ಲ ಒಂದೇ ಕಡೆ ಸೇರಿಸಿ ಹಿಡಿದ್ರು. ಸಣ್ಣ ಸೈನ್ಯ, ದೊಡ್ಡ ಬುದ್ಧಿ. ಆ ಬಕೆಟ್ಟನ್ನ ಇವತ್ತಿಗೂ ಗೋಪುರದಲ್ಲಿ ನೇತುಹಾಕಿದಾರೆ. ಇದು ನಾನು ಹೇಳ್ತಿರೋದಲ್ಲ. ನಮ್ಮ ಅಳಿಯಂದಿರು ಹೇಳಿದ್ದು."

"ನನಗೂ ಡಾಕ್ಟ್ರೇ ಹೇಳಿದ್ದು," ಎಂದರು ಯಜಮಾನರು, ಮೀಸೆ ಅದುರಿಸುತ್ತ.

ಒಣಗಿದ ಕೋಟು ಎತ್ತಿಕೊಂಡು ಹೋಗಲು ಡಾಕ್ಟರು ಆಗಲೇ ತಾರಸಿಯ ಮೆಟ್ಟಿಲು ಹತ್ತುತ್ತಿದ್ದರು. 'ನಮ್ಮ ಅಳಿಯಂದಿರು ಹೇಳಿದ್ದು' ಎಂಬ ಮಾತು ಕಿವಿಗೆ ಬಿದ್ದು ಅವರ ಎದೆ ಉಬ್ಬಿತು, ಕಣ್ಣು ತುಂಬಿ ಬಂತು. ಹಿಂದೆಯೇ ಇಬ್ಬರೂ ತಮ್ಮ ತಮ್ಮ ಕಥೆಯನ್ನು ಮತ್ತೆ ಮೊದಲಿಂದ ಹೇಳಿದ್ದೂ ಕಿವಿಗೆ ಬಿತ್ತು. ಕಿಟಕಿ ರೂಮು, ಒಳರೂಮು, ರಬ್ಬರ್ ಹಾಳೆ ಎಲ್ಲ ಒಂದೊಂದಾಗಿ ತಲೆಯಲ್ಲಿ ಹೊಳೆದವು. ಅವರು ಕೋಟನ್ನು ಅಲ್ಲೇ ಬಿಟ್ಟು, ಬಂದ ಮೆಟ್ಟಿಲಲ್ಲೇ ಸದ್ದಿಲ್ಲದೆ ಇಳಿದುಹೋದರು.

ಮರುದಿನ ಬೆಳಿಗ್ಗೆ ಯಜಮಾನರು ಕ್ಲಿನಿಕ್ಕಿಗೆ ಬಂದು ಪೇಷಂಟಿನ ಕುರ್ಚಿಯಲ್ಲೇ ಕೂತರು. ಈ ಸಲ ಅವರ ಬಾಯಲ್ಲಿ ಏನೂ ಇರಲಿಲ್ಲ.

"ಡಾಕ್ಟ್ರೇ, ಹಕ್ಕಿಗಳು ಗೆದ್ದವೋ ಇಲ್ಲವೋ?"

"ಗೆದ್ದವು. ಆದ್ರೆ..."

"ಆದ್ರೆ ಗೀದ್ರೆ ಬೇಡ. ನಾಲ್ಕು ಜನದ ಮುಂದೆ ಅದನ್ನೇ ಹೇಳಿ. ಸುಳ್ಳುಗಾರ ಅನ್ನಿಸಿಕೊಂಡು ನನ್ನ ಕಟ್ಟಡದಲ್ಲೇ ಇರೋಕ್ಕೆ ನನಗಾಗಲ್ಲ. ಅಂದ್ಮೇಲೆ ಯಾರಾದ್ರೂ ಒಬ್ಬರು ಖಾಲಿ ಮಾಡ್ಬೇಕಲ್ಲ, ಅದು ನಾನಂತೂ ಅಲ್ಲ," ಎಂದು ಹೇಳಿ, ಬಾಯಿ ಮುಕ್ಕಳಿಸುವ ಲೋಟದ ನೀರನ್ನು ಕುಡಿದು ಹೋದರು.

ಮಧ್ಯಾಹ್ನ ಮನೆಗೆ ಹೋದರೆ ಅಲ್ಲಿ ಬೇರೆಯೇ ಲೋಕ. ಫ್ಯಾನಿನ ಕೆಳಗಿನ ಕುರ್ಚಿ, ಇಷ್ಟು ವರ್ಷ ಅತ್ತೆಯೇ ಕೂರುತ್ತಿದ್ದದ್ದು, ಅಳಿಯನಿಗೆ ಸಿಕ್ಕಿತು. ಮೊದಲ ಬಡಿಸುವಿಕೆ ಅಳಿಯನ ತಟ್ಟೆಗೆ. ಹೆಂಡತಿ ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ಏನ್ರೀ ಮಾಡಿದ್ರಿ? ಅಮ್ಮ ಬೆಳಿಗ್ಗೆಯಿಂದ ಫೋನಲ್ಲಿ ಎಲ್ಲರ ಹತ್ರಾನೂ ನಿಮ್ಮದೇ ಸುದ್ದಿ ಹೇಳ್ತಿದಾಳೆ. ನಮ್ಮಪ್ಪನ್ನೂ ಒಂದು ದಿನ ಹೀಗೆ ಹೊಗಳಿದ್ದಿಲ್ಲ. ದಯವಿಟ್ಟು ಹಾಳುಮಾಡ್ಕೋಬೇಡಿ."

"ಹಾಳಾಗೋದು ನನ್ನ ಕೈಲಿಲ್ಲ ಕಣೇ," ಎಂದು ಡಾಕ್ಟರು ನಿಟ್ಟುಸಿರು ಬಿಟ್ಟರು.

ಅತ್ತ ದರಿ, ಇತ್ತ ಪುಲಿ. ಹಕ್ಕಿ ಗೆದ್ದಿತೆಂದರೆ ಅತ್ತೆ ಹೋದರು. ಬಕೆಟ್ಟು ಗೆದ್ದಿತೆಂದರೆ ಕ್ಲಿನಿಕ್ಕು ಹೋಯಿತು. ನಿಜ ಹೇಳೋಣವೆಂದರೆ ಎರಡೂ ಹೋಗುವುದಲ್ಲದೆ, 'ಅತ್ತೆ, ನನಗೆ ನೀವು ಯಾರು, ಮೀಸೆ ಯಜಮಾನರು ಯಾರು ಎಂದು ಗುರುತು ಹತ್ತಲಿಲ್ಲ' ಎಂದು ಒಪ್ಪಿಕೊಳ್ಳಬೇಕು. ಭೂಮಿಯ ಮೇಲೆ ಯಾವ ಅಳಿಯನೂ ಇಂಥ ಮಾತು ಆಡಿ ಬದುಕುಳಿದ ದಾಖಲೆ ಇಲ್ಲ.

ಇತಿಹಾಸವನ್ನು ಬಾಯಲ್ಲಿ ಹೇಳಿ ಸುಮ್ಮನಾಗುವವರು ಒಂದು ಬಗೆ. ಅತ್ತೆ ಪ್ರಯೋಗ ಮಾಡಿ ತೋರಿಸುವ ಬಗೆ. ಅವರು ನೀಲಿ ಪ್ಲಾಸ್ಟಿಕ್ ಬಕೆಟ್ಟೊಂದರಲ್ಲಿ ನೀರು ತುಂಬಿ ತಾರಸಿಯ ನಡುಮಧ್ಯೆ ಇಟ್ಟರು. ಹಕ್ಕಿಗಳೆಲ್ಲ ಒಂದೇ ಕಡೆ ಸೇರಲಿ, ಹಿಡಿಯುವುದು ಆಮೇಲಿನ ಮಾತು ಎಂಬುದು ಯೋಜನೆ. ಮೊದಲ ಭಾಗ ಅದ್ಭುತವಾಗಿ ಯಶಸ್ವಿಯಾಯಿತು. ಇಡೀ ಬಡಾವಣೆಯ ಪಾರಿವಾಳಗಳಿಗೆ ಸುದ್ದಿ ಮುಟ್ಟಿತು. ಸಂಸಾರ ಸಮೇತ ಬಂದವು. ಯಜಮಾನರ ಬಿಳಿ ಕಾರು ಬೂದುಬಣ್ಣಕ್ಕೆ ತಿರುಗಿತು. ಹವಾಲ್ದಾರರು ಛತ್ರಿ ಹಿಡಿದು ಬಟ್ಟೆ ಒಣಹಾಕತೊಡಗಿದರು.

"ಬಕೆಟ್ಟು ತೆಗೆಸಿ," ಎಂದು ಅವರು ಯಜಮಾನರಿಗೆ ಗಂಟುಬಿದ್ದರು.

"ಇಡೋದಕ್ಕೆ ಮುಂಚೆ ನಾನೂ ಬೇಡ ಅಂದೆ. ಈಗ ಇಟ್ಟಾಯ್ತು. ಹಕ್ಕಿಗಳ ಬಕೆಟ್ಟು ಮುಟ್ಟಿ ಎರಡೂರು ನಾಶವಾಗಿವೆ, ನಾನು ಮುಟ್ಟಲ್ಲ," ಎಂದ ಯಜಮಾನರು ಕಾರು ಹೊಲಸಾದದ್ದಕ್ಕೆ ಮಾತ್ರ ಪುರಸಭೆಗೆ ದೂರು ಕೊಟ್ಟರು.

ಪುರಸಭೆಯಿಂದ ಆರೋಗ್ಯ ಇನ್ಸ್‌ಪೆಕ್ಟರು ಬಂದರು. ತಾರಸಿಯಲ್ಲಿ ಎಲ್ಲರೂ ನೆರೆದರು. ಇನ್ಸ್‌ಪೆಕ್ಟರು ಬಕೆಟ್ಟನ್ನು ಸುತ್ತುಹಾಕಿ ನೋಡಿ, "ಇದನ್ನ ಇಲ್ಲಿ ಯಾರು ಇಟ್ಟದ್ದು, ಯಾಕೆ ಇಟ್ಟದ್ದು?" ಎಂದರು.

"ಇತಿಹಾಸದ ಪ್ರಕಾರ ಇಟ್ಟಿದೀವಿ," ಎಂದರು ಅತ್ತೆ.

"ಅದರ ಲೈಸೆನ್ಸ್ ಇದೆಯಾ?"

"ಇತಿಹಾಸ ಕೆಳಗಡೆ ಇದಾರೆ, ಕರೆಸಿ," ಎಂದರು ಯಜಮಾನರು.

ಡಾಕ್ಟರನ್ನು ಅರ್ಧ ಹುಳುಕು ತೆಗೆದಿದ್ದ ಹಲ್ಲಿನಿಂದ ಎಬ್ಬಿಸಿ ಮೇಲೆ ಕರೆತಂದರು. ಒಂದು ಕಡೆ ಅತ್ತೆ, ಒಂದು ಕಡೆ ಮೀಸೆ, ನಡುವೆ ಬಕೆಟ್ಟು, ಸುತ್ತ ಪಾರಿವಾಳ. ಎಲ್ಲರ ಬಾಯಿಯೂ ಮುಚ್ಚಿತ್ತು. ಇಂಥ ಜನರೆದುರು ಮಾತಾಡಿ ಡಾಕ್ಟರಿಗೆ ಅಭ್ಯಾಸವಿರಲಿಲ್ಲ. ಸುಳ್ಳಿನ ಮೇಲೆ ಸುಳ್ಳು ಕಟ್ಟೋಣವೆಂದರೆ ಅವರಿಗೆ ಇತಿಹಾಸದ ಮೇಲೆ ನಿಜವಾದ ಪ್ರೀತಿ ಇತ್ತು. ಏನಾದರಾಗಲಿ ಎಂದು ಕಣ್ಣು ಮುಚ್ಚಿ ಹೇಳಿಬಿಟ್ಟರು.

"ಇವು ಎರಡು ಬೇರೆ ಬೇರೆ ಕಥೆ. ಬಕೆಟ್ಟಿದ್ದ ಯುದ್ಧದಲ್ಲಿ ಹಕ್ಕಿ ಇರಲಿಲ್ಲ. ಹಕ್ಕಿ ಇದ್ದ ಕಡೆ ಬಕೆಟ್ಟು ಇರಲಿಲ್ಲ. ಎರಡನೇ ದಿನ ರೂಮು ಅದಲುಬದಲಾಗಿತ್ತು. ನನಗೆ ಕಂಡದ್ದು ಹಲ್ಲು ಮಾತ್ರ. ಇಬ್ಬರದ್ದೂ ಒಂದೇ ಹಲ್ಲು. ಯಾರು ಅತ್ತೆ, ಯಾರು ಯಜಮಾನರು ಅಂತ ನನಗೆ ಗೊತ್ತಾಗಲಿಲ್ಲ."

ಹವಾಲ್ದಾರರು ಮೀಸೆಯನ್ನು ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು. ಇನ್ಸ್‌ಪೆಕ್ಟರೂ ಹಾಗೇ ಮಾಡಿದರು. ಡಾಕ್ಟರ ಹೆಂಡತಿ ನೀರಿನ ಟ್ಯಾಂಕಿನ ಹಿಂದೆ ಸರಿದಳು.

ಅತ್ತೆ ನಿಧಾನವಾಗಿ ಮುಂದೆ ಬಂದರು. "ಅಳಿಯಂದಿರೇ, ಕಣ್ಣು ಬಿಡಿ. ಕ್ಲಿನಿಕ್ ಖಾಲಿ ಮಾಡಿಸ್ತಾರೆ ಅನ್ನೋ ಭಯಕ್ಕೆ ತಾನೇ ಈ ಸುಳ್ಳು?"

"ಸುಳ್ಳಲ್ಲ ಅತ್ತೆ, ಇದು..."

"ಇದು ಭಯ. ನಾನು ಎಷ್ಟು ಮಕ್ಕಳನ್ನ ನೋಡಿಲ್ಲ. ಮೀಸೆ ಇರೋ ಗಂಡಸನ್ನೂ ನನ್ನನ್ನೂ ಗುರುತು ಹಿಡೀಲಾರದಷ್ಟು ದಡ್ಡ ನಮ್ಮ ಮನೆಗೆ ಅಳಿಯನಾಗಿ ಬಂದಿಲ್ಲ." ಅತ್ತೆ ಯಜಮಾನರ ಕಡೆ ತಿರುಗಿದರು. "ಇಂಥ ಸಜ್ಜನರ ಬಾಯಲ್ಲಿ ಇಂಥ ಮಾತು ಹೊರಡಿಸಿದಿರಲ್ಲ, ನಾಚಿಕೆ ಆಗ್ಬೇಕು ನಿಮಗೆ. ಅವರು ಅವತ್ತು ಹೇಳಿದ್ದೇ ಸತ್ಯ."

"ಅವತ್ತು ಹೇಳಿದ್ದೇ ಸತ್ಯ ಅಂತ ನಾನೂ ಹೇಳೋದು," ಎಂದರು ಯಜಮಾನರು. ಅವರು ಡಾಕ್ಟರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹೆಗಲ ಮೇಲೆ ಕೈಯಿಟ್ಟರು. ದನಿ ತಗ್ಗಿತು, ಮೀಸೆ ಕೂಡ ತಗ್ಗಿದಂತಿತ್ತು. "ಡಾಕ್ಟ್ರೇ, ಅತ್ತೆಗೆ ಹೆದರೋದ್ರಲ್ಲಿ ನಾಚಿಕೆ ಏನಿಲ್ಲ. ನಾನೂ ಮದುವೆಯಾದೋನೇ. ಅವರೆದುರು ಹಕ್ಕಿ ಗೆದ್ದಿತು ಅನ್ನೋಕ್ಕೆ ಧೈರ್ಯ ಸಾಲದೆ ಹೀಗೆ ತಪ್ಪೆಲ್ಲ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಿ. ನನಗೆ ಅರ್ಥ ಆಗತ್ತೆ. ನಾಳೆ ಬಂದು ಕರಾರಿಗೆ ಸಹಿ ಹಾಕ್ತೀನಿ, ನೆಮ್ಮದಿಯಾಗಿರಿ."

ಇನ್ಸ್‌ಪೆಕ್ಟರಿಗೆ ಊಟದ ಹೊತ್ತು ಮೀರುತ್ತಿತ್ತು. "ಬಕೆಟ್ಟು ಇರಬೇಕಾ, ತೆಗೀಬೇಕಾ? ಒಂದು ಮಾತು ಹೇಳಿ."

"ಇರಬೇಕು," ಎಂದರು ಅತ್ತೆ, ಹಕ್ಕಿಗಳನ್ನು ಸೋಲಿಸಲು.

"ಇರಬೇಕು," ಎಂದರು ಯಜಮಾನರು, ಹಕ್ಕಿಗಳನ್ನು ಕೆಣಕದಿರಲು.

ನಿವಾಸಿಗಳಲ್ಲಿ ಸಂಪೂರ್ಣ ಒಮ್ಮತವಿದೆ ಎಂದು ಬರೆದುಕೊಂಡು ಇನ್ಸ್‌ಪೆಕ್ಟರು ಹೊರಟರು. ಹವಾಲ್ದಾರರು ಮಾತ್ರ ಛತ್ರಿ ಬಿಚ್ಚಿಕೊಂಡು, ತಮ್ಮ ಇಡೀ ನೌಕರಿಯಲ್ಲಿ ಇಂಥ ಶಾಂತಿ ಒಪ್ಪಂದ ನೋಡಿಲ್ಲವೆಂದು ಗೊಣಗುತ್ತ ಇಳಿದರು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯಲ್ಲಿ ಅತ್ತೆಯ ತಂಗಿ, ತಂಗಿಯ ಗಂಡ ಕೂಡ ಇದ್ದರು. ಅಳಿಯನನ್ನು ನೋಡಲೆಂದೇ ಬಂದವರು. ಡಾಕ್ಟರಿಗೆ ಅರ್ಧ ಸಂಕೋಚ, ಅರ್ಧ ಸಂತೋಷ. ಎಲ್ಲ ಕಳೆದುಕೊಳ್ಳಬೇಕಾದ ಕಡೆ ಎಲ್ಲ ಉಳಿದಿತ್ತು, ಸತ್ಯವೊಂದನ್ನು ಬಿಟ್ಟು. ಈಗ ಮನೆಯವರೆದುರು ಬಕೆಟ್ಟಿನ ಕಥೆಯನ್ನಾದರೂ ಮೊದಲಿಂದ ಕೊನೆಯವರೆಗೆ ಸರಿಯಾಗಿ ಹೇಳಿಬಿಡಬೇಕೆಂದು ಅವರು ತುತ್ತು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ಎಲ್ಲ ಸುಮ್ನಿರಿ," ಎಂದರು ಅತ್ತೆ. "ಅಳಿಯಂದಿರು ಏನೋ ಹೇಳ್ಬೇಕು ಅಂತಿದಾರೆ."

ಎಲ್ಲರ ಕಣ್ಣೂ ಅವರ ಮೇಲೆ. ಎದುರಿಗೆ ಟವೆಲ್ಲಿಲ್ಲ, ಹಾಳೆಯಿಲ್ಲ, ಇಡೀ ಇಡೀ ಮುಖಗಳು. ಅತ್ತೆಯ ಮುಖದಲ್ಲಿ ಅಳಿಯನ ಮೇಲೆ ಹಿಂದೆಂದೂ ಕಾಣದ ಅಕ್ಕರೆ. ಇಷ್ಟು ವರ್ಷ ಕಾದ ಗಳಿಗೆ ಬಂದು ಎದುರಿಗೆ ಕೂತಿತ್ತು. ಡಾಕ್ಟರು ಬಾಯಿ ತೆರೆದರು. ಇಟಲಿ ಎಲ್ಲಿಗೆ ಹೋಯಿತೋ, ಸೈನ್ಯ ಎಲ್ಲಿ ಚದುರಿತೋ, ಒಂದೂ ನೆನಪಾಗಲಿಲ್ಲ.

"ಸ್ವಲ್ಪ ಉಪ್ಪು..." ಎಂದರು.

ಅತ್ತೆ ಕಾದರು. ವಾಕ್ಯವನ್ನು ತಾವು ಮುಗಿಸಲಿಲ್ಲ.

"...ಬೇಕಿತ್ತು."

ಅತ್ತೆ ಗಂಭೀರವಾಗಿ ತಲೆದೂಗಿ ಉಪ್ಪಿನ ಡಬ್ಬಿಯನ್ನು ಅಳಿಯನ ಕಡೆ ಸರಿಸಿದರು. ಆಮೇಲೆ ಅದನ್ನು ತಾವೂ ತೆಗೆದುಕೊಂಡು ತಮ್ಮ ತಟ್ಟೆಗೆ ಒಂದು ಚಿಟಿಕೆ ಹಾಕಿಕೊಂಡರು. "ಅಳಿಯಂದಿರು ಸುಮ್ಮಸುಮ್ಮನೆ ಮಾತಾಡೋರಲ್ಲ. ಎಲ್ಲರೂ ಹಾಕ್ಕೊಳ್ಳಿ," ಎಂದು ಡಬ್ಬಿಯನ್ನು ತಂಗಿಗೆ ದಾಟಿಸಿದರು. ತಂಗಿ ಹಾಕಿಕೊಂಡರು, ತಂಗಿಯ ಗಂಡ ಹಾಕಿಕೊಂಡರು, ಅಡುಗೆ ಮಾಡಿದ ಹೆಂಡತಿಯೂ ಹಾಕಿಕೊಂಡಳು. ಉಪ್ಪು ಮೊದಲೇ ಸರಿಯಾಗಿದ್ದ ಊಟವನ್ನು ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು, ನಡುನಡುವೆ ನೀರು ಕುಡಿಯುತ್ತ, ತುಟಿಪಿಟಕ್ಕೆನ್ನದೆ ಉಂಡು ಮುಗಿಸಿದರು.